ದಿನ ಕಟ್ಟುವವರು

ಆಟಿಸಂ ಇರುವ ಮಕ್ಕಳ ಬಗ್ಗೆ ಈಗೀಗ ನಾಲ್ಕು ಮಾತು ಕೇಳಿಬರುತ್ತಿದೆ. ಆ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಅವರ ಹಗಲು ಹೇಗೆ ಕಳೆಯುತ್ತದೆ? ಆ ಹಗಲಿಗೊಂದು ರೂಪ ಕೊಡುವುದನ್ನೇ ಕಸುಬು ಮಾಡಿಕೊಂಡವರ ಪರಿಚಯ ಇಲ್ಲಿದೆ.

1945ರ ಮೇ ತಿಂಗಳು. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಒಂದು ಹೊಲದ ಮನೆಗೆ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಬಂದಿದ್ದರು. ಎರಡು ವರ್ಷದ ಹಿಂದೆ, 1943ರಲ್ಲಿ, ಹನ್ನೊಂದು ಮಕ್ಕಳನ್ನು ಗಮನಿಸಿ ಆಟಿಸಂ ಕುರಿತು ಹೆಸರಾಂತ ಪ್ರಬಂಧ ಬರೆದವರು ಅವರೇ. ಆ ಹನ್ನೊಂದರಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್. ಹೆತ್ತವರು ಅವನನ್ನು ಮನೆಯಿಂದ ಹತ್ತು ಮೈಲಿ ದೂರದಲ್ಲಿದ್ದ ಲೂಯಿಸ್ ಎಂಬ ರೈತ ದಂಪತಿಯ ಬಳಿ ಬಿಟ್ಟಿದ್ದರು. ಹುಡುಗನಿಗೆ ಅಳತೆಯ ಹುಚ್ಚು. ದಂಪತಿ ಅವನ ಕೈಯಲ್ಲಿ ಬಾವಿ ತೋಡಿಸಿದರು. ಆಳ ಎಷ್ಟಾಯಿತೆಂದು ಅಳೆದು ಹೇಳುವುದೂ ಅವನದೇ ಕೆಲಸವಾಯಿತು. ಮುಸುಕಿನ ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದ. ನೇಗಿಲು ಹೊಡೆಯುತ್ತಲೇ ಎಣಿಸು ಎಂದರು. ಸತ್ತ ಹಕ್ಕಿ, ಹುಳುಗಳನ್ನು ಕೂಡಿಡುತ್ತಿದ್ದ. ಅವನ್ನು ಹೂಳಲು ಒಂದು ಜಾಗ ಬಿಟ್ಟುಕೊಟ್ಟು, ಗುರುತು ನೆಡಲು ಹೇಳಿದರು. ಆ ದಂಪತಿಯ ವಿವೇಕ ಕಂಡು ತಾವು ಬೆರಗಾದದ್ದನ್ನು ಕ್ಯಾನರ್ 1971ರಲ್ಲಿ ಬರೆದರು.

ಡೊನಾಲ್ಡ್ ಮುಂದೆ ಕಾಲೇಜು ಓದಿದರು, ಹುಟ್ಟೂರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದರು, ಕಾರು ಓಡಿಸಿದರು, ಗಾಲ್ಫ್ ಆಡಿದರು, ದೇಶ ಸುತ್ತಿದರು. 2023ರಲ್ಲಿ, 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮನೆಯವರು ಅನುಕೂಲಸ್ಥರಾಗಿದ್ದರು, ಊರು ಅವರನ್ನು ತನ್ನವರೆಂದುಕೊಂಡಿತ್ತು ಎಂಬುದನ್ನೂ ನೆನಪಿಡಬೇಕು. ಅದೇ ಹನ್ನೊಂದು ಮಕ್ಕಳಲ್ಲಿ ಸರ್ಕಾರಿ ಆಶ್ರಯಗಳ ಪಾಲಾದವರು ಮಾಡಲು ಏನೂ ಇಲ್ಲದೆ ಕುಂದಿಹೋದರೆಂದು ಕ್ಯಾನರ್ ಅದೇ ಬರಹದಲ್ಲಿ ನೊಂದುಕೊಂಡಿದ್ದಾರೆ.

ಲೂಯಿಸ್ ದಂಪತಿ ವೈದ್ಯರೇನಲ್ಲ. ಹುಡುಗನ ಅಭ್ಯಾಸವನ್ನು ಬಿಡಿಸಲು ಹೋಗದೆ ಅದಕ್ಕೊಂದು ಕೆಲಸ ಹುಡುಕಿದರು. ಆ ಕೆಲಸಕ್ಕೆ ದಿನದಲ್ಲೊಂದು ಹೊತ್ತು ಕೊಟ್ಟರು. ಇಂದು ಆಟಿಸಂ ಇರುವ ವಯಸ್ಕರ ಹಗಲು ಕೇಂದ್ರವನ್ನು ನಡೆಸುವ ಸಂಯೋಜಕಿ ಮಾಡುವುದೂ ಇದನ್ನೇ. ಹೂ ಕಟ್ಟುವವರು ಬಿಡಿ ಹೂಗಳನ್ನು ನಾರಿಗೆ ಸೇರಿಸುವಂತೆ ಆಕೆ ಬಿಡಿ ಗಳಿಗೆಗಳನ್ನು ಸೇರಿಸಿ ದಿನ ಕಟ್ಟುತ್ತಾರೆ.

ಹದಿನೆಂಟರ ಹೊಸ್ತಿಲು

ಆಟಿಸಂ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮಗು. ಆದರೆ ಅದು ರೋಗವಲ್ಲ, ದೊಡ್ಡವರಾದಂತೆ ಬಿಟ್ಟುಹೋಗುವಂಥದ್ದೂ ಅಲ್ಲ. ಮಿದುಳು ಬೆಳೆಯುವ ಬಗೆಯಲ್ಲೇ ಇರುವ ಭಿನ್ನತೆ. ಮಾತಾಡುವ, ಜನರೊಡನೆ ಬೆರೆಯುವ, ಸದ್ದು, ಬೆಳಕು, ಸ್ಪರ್ಶಗಳನ್ನು ಮೈ ಗ್ರಹಿಸುವ ರೀತಿಯೇ ಬೇರೆ. ಇವರಲ್ಲಿ ಕೆಲವರು ಕಂಪನಿ ಕೆಲಸಕ್ಕೆ ಹೋಗುತ್ತಾರೆ. ಆಟಿಸಂ ಇರುವವರನ್ನು ಜಗತ್ತಿನಾದ್ಯಂತ ನೇಮಿಸಿಕೊಳ್ಳುವುದಾಗಿ ಎಸ್‌ಎಪಿ ಎಂಬ ಸಾಫ್ಟ್‌ವೇರ್ ಕಂಪನಿ 2013ರಲ್ಲಿ ಸಾರಿತು. ಅದಕ್ಕೆ ಮೊದಲೇ ತನ್ನ ಬೆಂಗಳೂರಿನ ಕಚೇರಿಯಲ್ಲಿ ಸಾಫ್ಟ್‌ವೇರ್ ಪರೀಕ್ಷೆಯ ಕೆಲಸಕ್ಕೆ ಕೆಲವರನ್ನು ತೆಗೆದುಕೊಂಡು ನೋಡಿತ್ತು. ಇನ್ನು ಕೆಲವರಿಗೆ ಒಂದು ಮಾತೂ ಬಾರದು, ಮಗ್ಗುಲಲ್ಲಿ ಸದಾ ಒಬ್ಬರಿರಬೇಕು. ಹಗಲು ಕೇಂದ್ರದ ಬಾಗಿಲು ಹೆಚ್ಚಾಗಿ ತೆರೆಯಬೇಕಾದದ್ದು ಇವರಿಗೆ.

ಹದಿನೆಂಟರ ಆಸುಪಾಸಿನಲ್ಲಿ ವಿಶೇಷ ಶಾಲೆ ಮುಗಿಯುತ್ತದೆ. ಮಾರನೆಯ ದಿನದಿಂದ ಸಮವಸ್ತ್ರವಿಲ್ಲ, ವ್ಯಾನಿಲ್ಲ, ಗಂಟೆಯಿಲ್ಲ. ಹನ್ನೆರಡು ವರ್ಷ ಒಂದೇ ಕ್ರಮದಲ್ಲಿ ನಡೆದ ಬದುಕು ದಿಢೀರನೆ ಕ್ರಮ ತಪ್ಪುತ್ತದೆ. ಏಕೆ ಎಂದು ಅವರಿಗೆ ತಿಳಿಯುವಂತೆ ಹೇಳುವವರೂ ಇರುವುದಿಲ್ಲ. ತಾಯಿ ನೌಕರಿ ಬಿಡುತ್ತಾಳೆ. ಟಿವಿ, ಮೊಬೈಲು, ಕಿಟಕಿ ಇಷ್ಟರಲ್ಲಿ ದಿನ ಮುಗಿಯುತ್ತದೆ. ಕಲಿತ ವಿದ್ಯೆಯೂ ಬಳಕೆಯಿಲ್ಲದೆ ಕೈತಪ್ಪುತ್ತದೆ.

ನಮ್ಮ ದೇಶದಲ್ಲಿ ಆಟಿಸಂ ಇರುವವರಿಗಾಗಿ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ ಹೆತ್ತವರೇ ಮುಂದೆ. ದೆಹಲಿಯಲ್ಲಿ 1991ರಲ್ಲಿ ‘ಆ್ಯಕ್ಷನ್ ಫಾರ್ ಆಟಿಸಂ’ ಆರಂಭಿಸಿದ ಮೆರಿ ಬರುವಾ ಆಟಿಸಂ ಇರುವ ಮಗನ ತಾಯಿ. ಬೆಂಗಳೂರಿನಲ್ಲಿ ‘ಆಶಾ’ ಎಂದು ಪರಿಚಿತವಾದ ಸಂಸ್ಥೆ ಹುಟ್ಟಿದ್ದು 1995ರಲ್ಲಿ. ಅಂದು ಅಂಬೆಗಾಲಿಡುತ್ತಿದ್ದವರಿಗೆ ಇಂದು ಮೂವತ್ತು ದಾಟಿದೆ. ಕಾನೂನು ಅವರ ಹಿಂದೆ ನಿಧಾನವಾಗಿ ನಡೆದು ಬಂತು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದನ್ನು ಹೆಸರಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಅದಕ್ಕೂ ಜಾಗ ಸಿಕ್ಕಿತು. ಹಗಲು ಕೇಂದ್ರಗಳಿಗೆ ನ್ಯಾಷನಲ್ ಟ್ರಸ್ಟ್‌ನ ಯೋಜನೆಯೂ ಇದೆ. ಆದರೂ ದೊಡ್ಡ ಊರುಗಳನ್ನು ಬಿಟ್ಟು ಆಚೆ ಹೋದರೆ ವಯಸ್ಕರಿಗೆ ಹೋಗಲೊಂದು ಜಾಗವಿಲ್ಲದ ತಾಲ್ಲೂಕುಗಳೇ ಹೆಚ್ಚು.

ಗೋಡೆಯ ಮೇಲೆ ದಿನ

ಕೇಂದ್ರದ ಬೆಳಗು ಗೋಡೆಯಿಂದ ಶುರುವಾಗುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಪಟ್ಟಿ, ಅದರಲ್ಲಿ ಮೇಲಿನಿಂದ ಕೆಳಕ್ಕೆ ಆ ದಿನದ ಕಾರ್ಡುಗಳು. ಓದಬಲ್ಲವರಿಗೆ ಬರಹ, ಕೆಲವರಿಗೆ ಚಿತ್ರ, ಕೆಲವರಿಗೆ ಫೋಟೊ. ಚಿತ್ರವೂ ಅರ್ಥವಾಗದವರಿಗೆ ವಸ್ತುವೇ ಕಾರ್ಡು: ಲೋಟ ಕೊಟ್ಟರೆ ತಿಂಡಿಯ ಹೊತ್ತು, ಟವೆಲ್ ಕೊಟ್ಟರೆ ಕೈ ತೊಳೆಯುವ ಹೊತ್ತು. ಕೆಲಸ ಮುಗಿದ ಕೂಡಲೇ ಅದರ ಕಾರ್ಡು ‘ಮುಗಿಯಿತು’ ಎಂಬ ಚೀಲಕ್ಕೆ ಬೀಳುತ್ತದೆ.

ಇದರ ಹಿಂದೆ ಒಂದು ಪದ್ಧತಿಯೇ ಇದೆ. ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ ಮುಂದಾಳತ್ವದಲ್ಲಿ 1972ರಲ್ಲಿ ರೂಪುಗೊಂಡ ‘ಟೀಚ್’ ಕಾರ್ಯಕ್ರಮದಿಂದ ಅದು ಜಗತ್ತಿನೆಲ್ಲೆಡೆ ಹಬ್ಬಿತು. ಕೆಲಸದ ಮೇಜು ನಾಲ್ಕು ಪ್ರಶ್ನೆಗೆ ಮಾತಿಲ್ಲದೆ ಉತ್ತರ ಕೊಡಬೇಕು ಎನ್ನುವುದು ಅದರ ತಿರುಳು: ನಾನು ಮಾಡಬೇಕಾದ್ದೇನು? ಎಷ್ಟು ಮಾಡಬೇಕು? ಮುಗಿಯಿತೆಂದು ತಿಳಿಯುವುದು ಹೇಗೆ? ಆಮೇಲೆ ಏನು? ನಾವೆಲ್ಲ ಈ ನಾಲ್ಕನ್ನೂ ಬೇರೆಯವರ ಮಾತಿನಿಂದ, ಗಡಿಯಾರದಿಂದ, ಮುಖಭಾವದಿಂದ ತಿಳಿದುಕೊಳ್ಳುತ್ತೇವೆ. ಅವು ಯಾವುದೂ ಸುಲಭವಾಗಿ ಕೈಗೆ ಸಿಗದವನಿಗೆ ಪ್ರತಿ ಗಂಟೆಯೂ ಕತ್ತಲೆಯಲ್ಲಿ ಮೆಟ್ಟಿಲಿಳಿದಂತೆ. ಗೋಡೆಯ ಮೇಲಿನ ಸಾಲು ಅವನಿಗೆ ಕೈಹಿಡಿ.

ಸಂಯೋಜಕಿಯ ಜಾಣ್ಮೆ ಹೆಚ್ಚಾಗಿ ಕಾಣುವುದು ‘ಬದಲು’ ಎಂಬ ಕಾರ್ಡಿನಲ್ಲಿ. ವ್ಯಾನು ತಡವಾಗುತ್ತದೆ, ಮಳೆ ಬರುತ್ತದೆ, ಕಲಿಸುವ ಅಕ್ಕ ರಜೆ ಹಾಕುತ್ತಾರೆ. ಕ್ರಮ ತಪ್ಪಿದ ದಿನ ಆ ಕಾರ್ಡು ಹೊರಬರುತ್ತದೆ. ಆದರೆ ಕೆಟ್ಟ ಸುದ್ದಿಗೆ ಮಾತ್ರ ಅದನ್ನು ಬಳಸಿದರೆ ಕಾರ್ಡು ಕಂಡರೇ ಕೂಗು ಶುರುವಾಗುತ್ತದೆ. ಅದಕ್ಕೇ ತಿಳಿದವರು ಎಲ್ಲ ಸರಿಯಿರುವ ದಿನವೂ ಬೇಕೆಂದೇ ಅದನ್ನು ಹಾಕುತ್ತಾರೆ: ಇವತ್ತು ಬಾಳೆಹಣ್ಣಿನ ಬದಲು ಐಸ್‌ಕ್ರೀಮು. ಬದಲಾದರೂ ದಿನ ಮುರಿಯುವುದಿಲ್ಲ ಎಂಬ ನಂಬಿಕೆ ಹೀಗೆ ಹನಿಹನಿಯಾಗಿ ಬೆಳೆಯಬೇಕು.

ಹತ್ತು ವೃತ್ತ, ಹತ್ತು ಬತ್ತಿ

ಕೆಲಸದ ಕೋಣೆಯಲ್ಲಿ ಹತ್ತಿಯ ಬತ್ತಿ ಪೊಟ್ಟಣ ಕಟ್ಟುತ್ತಾರೆ ಎಂದುಕೊಳ್ಳಿ. ಪೊಟ್ಟಣಕ್ಕೆ ಹತ್ತು ಬತ್ತಿ. ಎಣಿಸಲು ಬಾರದವರು ಮಾಡುವುದು ಹೇಗೆ? ಒಂದು ರಟ್ಟಿನ ಮೇಲೆ ಹತ್ತು ವೃತ್ತ ಬರೆದಿಡುತ್ತಾರೆ. ವೃತ್ತಕ್ಕೊಂದು ಬತ್ತಿ ಇಟ್ಟು, ರಟ್ಟು ತುಂಬಿದೊಡನೆ ಪೊಟ್ಟಣಕ್ಕೆ ಸುರಿದರಾಯಿತು. ಎಣಿಕೆಯನ್ನು ರಟ್ಟು ಮಾಡುತ್ತದೆ, ಕೆಲಸವನ್ನು ಅವರು ಮಾಡುತ್ತಾರೆ. ಒಬ್ಬರ ಕೈಗೆ ತಕ್ಕಂತೆ ಕೆಲಸವನ್ನು ಬಿಡಿಸಿ, ಅವರು ತಡವರಿಸುವ ಒಂದು ಹೆಜ್ಜೆಗೆ ಇಂಥ ಊರುಗೋಲು ಕೊಡುವುದೇ ಈ ಕಸುಬಿನ ದೊಡ್ಡ ವಿದ್ಯೆ.

ಕಾಗದದ ಚೀಲ, ಮಸಾಲೆ ಪುಡಿ ಪೊಟ್ಟಣ, ಹಣತೆಗೆ ಬಣ್ಣ, ಬಟ್ಟೆ ಮಡಿಸುವುದು, ಬಿಸ್ಕತ್ತು ಬೇಯಿಸುವುದು, ಕೈತೋಟ ಎಲ್ಲವೂ ಉಂಟು. ಯಾರಿಗೆ ಯಾವುದು ಎಂಬುದು ಮಾತ್ರ ಲೂಯಿಸ್ ದಂಪತಿಯ ಕಣ್ಣಿನಿಂದ ನೋಡಬೇಕಾದ ಸಂಗತಿ. ಸಾಲು ಜೋಡಿಸದೆ ಇರಲಾರದವರಿಗೆ ಕಪಾಟು ಜೋಡಿಸುವ ಕೆಲಸ. ನೀರಿನ ಹುಚ್ಚಿರುವವರಿಗೆ ಗಿಡಕ್ಕೆ ನೀರು ಹಾಕುವ ಕೆಲಸ. ಕಾಗದ ಹರಿಯುವವರಿಗೆ ಮರುಬಳಕೆಯ ಕಾಗದದ ತಿರುಳು. ಮಾರಿದ್ದರಲ್ಲಿ ಬಂದದ್ದನ್ನು ಅವರ ಕೈಗೇ ಕೊಡುವುದು ಒಳ್ಳೆಯ ಕೇಂದ್ರದ ಲಕ್ಷಣ. ಮೊತ್ತ ಚಿಕ್ಕದಿರಬಹುದು, ಲಕೋಟೆಯ ಮೇಲಿನ ಹೆಸರು ಅವರದು.

ಇನ್ನೊಂದು ಮಾತು. ಮೂವತ್ತು ವರ್ಷದವರನ್ನು ‘ಪುಟ್ಟ’, ‘ಕಂದ’ ಎನ್ನುವ ರೂಢಿ ನಮ್ಮಲ್ಲಿ ಬಲವಾಗಿದೆ. ಪ್ರೀತಿಯಿಂದಲೇ ಬರುವ ಮಾತು, ಆದರೆ ಅದು ಅವರನ್ನು ಮಕ್ಕಳಾಗಿಯೇ ಉಳಿಸುತ್ತದೆ. ಶಿಶುಗೀತೆ, ಕಾರ್ಟೂನು ಗೊಂಬೆಗಳನ್ನು ಕೇಂದ್ರದಿಂದ ತೆಗೆದು, ಅವರವರ ಹೆಸರು ಹಿಡಿದು ಕರೆಯಲು ಕಲಿಸುವುದು ಸಂಯೋಜಕಿಯ ಕೆಲಸಗಳಲ್ಲೊಂದು. ಕ್ಷೌರ, ಮುಟ್ಟಿನ ದಿನಗಳ ಅಚ್ಚುಕಟ್ಟು, ಬಾಗಿಲು ಹಾಕಿಕೊಂಡು ಬಟ್ಟೆ ಬದಲಿಸುವುದು, ತನ್ನ ಮೈ ಮುಟ್ಟಲು ಬಂದವರಿಗೆ ಬೇಡ ಎನ್ನುವುದು, ಇವೂ ಬತ್ತಿ ಪೊಟ್ಟಣದಷ್ಟೇ ತಾಳ್ಮೆಯಿಂದ ಕಲಿಸಬೇಕಾದ ಪಾಠಗಳು.

ಕೂಗಿನೊಳಗಿನ ಮಾತು

ಮಧ್ಯಾಹ್ನದ ಹೊತ್ತಿಗೆ ಒಬ್ಬರು ತಲೆ ಚಚ್ಚಿಕೊಳ್ಳತೊಡಗುತ್ತಾರೆ. ಹೊರಗಿನವರಿಗೆ ಅದು ಹಟ. ಸಂಯೋಜಕಿ ಪುಸ್ತಕ ತೆರೆದು ಮೂರು ಸಾಲು ಬರೆಸುತ್ತಾರೆ: ಮೊದಲು ಏನಾಗಿತ್ತು, ಏನು ಮಾಡಿದರು, ಆಮೇಲೆ ಏನಾಯಿತು. ಹತ್ತು ದಿನದ ಬರಹ ಎದುರಿಟ್ಟುಕೊಂಡರೆ ಕಾರಣ ಮೇಲೆದ್ದು ಬರುತ್ತದೆ. ಪಕ್ಕದ ಮನೆಯ ಮಿಕ್ಸಿ, ಕುಕ್ಕರಿನ ಕೂಗು, ಮಿಣಮಿಣ ಮಿನುಗುವ ಟ್ಯೂಬ್‌ಲೈಟು. ಸದ್ದಾದರೆ ಕಿವಿಗೆ ಹೆಡ್‌ಫೋನು ಕೊಡಬಹುದು, ಕುಕ್ಕರಿನ ಹೊತ್ತಿಗೆ ಅವರನ್ನು ಅಂಗಳಕ್ಕೆ ಕಳಿಸಬಹುದು. ತಿಂದ ಕೂಡಲೇ ಆಗುತ್ತಿದ್ದರೆ ಹಲ್ಲಿನ ವೈದ್ಯರ ಬಳಿ ಮೊದಲು ಹೋಗಬೇಕು. ಹಲ್ಲು ನೋಯುತ್ತಿದೆ ಎಂದು ಹೇಳಲು ಬಾರದವರ ನೋವು ಹೀಗೆಯೇ ಹೊರಬೀಳುವುದು. ಇವರಲ್ಲಿ ಹಲವರಿಗೆ ಫಿಟ್ಸ್ ಕೂಡ ಇರುತ್ತದೆ. ಕೆಲವರಿಗೆ ಅದು ಹರೆಯದಲ್ಲಿ ಮೊದಲ ಬಾರಿ ಕಾಣಿಸಿಕೊಳ್ಳುತ್ತದೆ. ಯಾರಿಗೆ ಯಾವ ಮಾತ್ರೆ, ಎಷ್ಟು ಹೊತ್ತಿಗೆ ಎಂಬ ಪಟ್ಟಿ ಸಂಯೋಜಕಿಯ ಕಣ್ಣೆದುರೇ ಇರಬೇಕು.

ಬಾಯಿ ಮಾತು ಇಲ್ಲದವರಿಗೆ ಬೇರೆ ದಾರಿಗಳಿವೆ. ಚಿತ್ರ ಕೊಟ್ಟು ವಸ್ತು ಪಡೆಯುವ ‘ಪೆಕ್ಸ್’ ಕಾರ್ಡುಗಳಿವೆ. ಚಿತ್ರ ಒತ್ತಿದರೆ ನುಡಿಯುವ ‘ಆವಾಜ್’ ಎಂಬ ಸಾಧನ ಚೆನ್ನೈಯಲ್ಲಿ ಹುಟ್ಟಿದ್ದು. ‘ಸಾಕು’, ‘ಬೇಡ’, ‘ನೋವು’ ಈ ಮೂರು ಕಾರ್ಡು ಕೈಗೆಟಕುವಂತಿದ್ದರೆ ಎಷ್ಟೋ ಕೂಗು ಹುಟ್ಟುವುದೇ ಇಲ್ಲ.

ದರ್ಶಿನಿಯ ಪಾಠ

ನಾಲ್ಕು ಗೋಡೆಯೊಳಗೇ ಮುಗಿದರೆ ಅದು ದಿನವಲ್ಲ. ವಾರಕ್ಕೊಮ್ಮೆಯಾದರೂ ಹೊರಗೆ ಹೋಗಬೇಕು. ಬೆಂಗಳೂರಿನ ದರ್ಶಿನಿ ಇದಕ್ಕೆ ಹೇಳಿ ಮಾಡಿಸಿದ ಜಾಗವೆಂದು ನನಗನ್ನಿಸುತ್ತದೆ. ಅಲ್ಲಿ ಎಲ್ಲಕ್ಕೂ ಕ್ರಮವಿದೆ: ದುಡ್ಡು ಕೊಡು, ಚೀಟಿ ತಗೋ, ಚೀಟಿ ಕೊಡು, ತಟ್ಟೆ ತಗೋ, ನಿಂತು ತಿನ್ನು, ಕೈ ತೊಳೆ. ಯಾರೊಡನೆಯೂ ಮಾತು ಬೆಳೆಸಬೇಕಿಲ್ಲ. ಹಿಂದಿನ ದಿನವೇ ಈ ಹೆಜ್ಜೆಗಳ ಫೋಟೊ ತೋರಿಸಿ ಅಭ್ಯಾಸ ಮಾಡಿಸುತ್ತಾರೆ. ಜನ ಕಡಿಮೆಯಿರುವ ಹೊತ್ತು ಆರಿಸುತ್ತಾರೆ. ಮೊದಲೇ ಹೋಗಿ ಕ್ಯಾಷ್ ಕೌಂಟರಿನವರಿಗೆ ಎರಡು ಮಾತು ಹೇಳಿಬರುತ್ತಾರೆ. ಕೆಲವು ವಾರಗಳಲ್ಲಿ ಕೌಂಟರಿನವರಿಗೆ ಅವರ ಗುರುತಾಗುತ್ತದೆ. ಕಲಿಕೆ ಎರಡೂ ಕಡೆ ನಡೆಯುತ್ತದೆ. ಅಲ್ಲೊಬ್ಬರು ಕಾಫಿ ಕೊಳ್ಳಲು ಕಲಿತರೆ, ಇಲ್ಲಿ ಒಂದು ಬೀದಿ ಅವರೊಡನೆ ಬದುಕಲು ಕಲಿಯುತ್ತದೆ.

ನಾಳೆಯ ಸಾಲು

ಈ ಕಸುಬಿಗೆ ಬರುವವರು ವಿಶೇಷ ಶಿಕ್ಷಣ, ಮನಶ್ಶಾಸ್ತ್ರ ಅಥವಾ ಸಮಾಜಕಾರ್ಯ ಓದಿದವರು; ಕೆಲವರು ಸ್ವತಃ ತಾಯಂದಿರು. ಸಂಬಳ ದೊಡ್ಡದಲ್ಲ, ದಣಿವು ದೊಡ್ಡದು. ಮೂವರಿಗೋ ನಾಲ್ವರಿಗೋ ಒಬ್ಬರಾದರೂ ಸಿಬ್ಬಂದಿ ಬೇಕು. ಒಬ್ಬರು ಬಿಟ್ಟುಹೋದರೆ ಅವರಿಗೆ ಒಗ್ಗಿದ್ದವರ ತಿಂಗಳುಗಳ ಕಲಿಕೆ ಅಲುಗುತ್ತದೆ. ಆದ್ದರಿಂದ ಒಬ್ಬೊಬ್ಬರಿಗೂ ಇಬ್ಬರು ಮೂವರು ಸಿಬ್ಬಂದಿಯ ಬಳಕೆಯಾಗುವಂತೆ ಸರದಿ ಹಾಕುವುದೂ ಸಂಯೋಜಕಿಯ ಹೊಣೆ.

ಹೆತ್ತವರೊಡನೆ ಕುಳಿತು ಕಾಗದಪತ್ರ ಸರಿಪಡಿಸುವುದೂ ಅವರದೇ. ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡು ಮಾಡಿಸಬೇಕು. ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗಿನ ವೈದ್ಯಕೀಯ ರಕ್ಷಣೆಯಿದೆ. ಹದಿನೆಂಟು ತುಂಬಿದ ಮೇಲೆ ತಾಯಿತಂದೆಯೂ ಕಾನೂನಿನ ಕಣ್ಣಿನಲ್ಲಿ ತಾವಾಗಿಯೇ ಪೋಷಕರಲ್ಲ. ಅಗತ್ಯವಿದ್ದವರು ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವದ ಪ್ರಮಾಣಪತ್ರ ಪಡೆಯಬೇಕು. ಎಷ್ಟೋ ಮನೆಗಳಿಗೆ ಇದು ತಿಳಿಯುವುದು ಬ್ಯಾಂಕಿನ ಕೌಂಟರಿನಲ್ಲಿ.

ಕೊನೆಗೆ ಆ ತಾಯಂದಿರೆಲ್ಲ ಕೇಳುವ ಪ್ರಶ್ನೆ ಒಂದೇ: ನಾವು ಹೋದ ಮೇಲೆ ಯಾರು? ಈ ಪ್ರಶ್ನೆಗೆ ಸಂಯೋಜಕಿಯ ಬಳಿ ಪೂರ್ತಿ ಉತ್ತರವಿಲ್ಲ. ಒಂದು ಫೈಲು ಇದೆ. ಕೈ ಹೀಗೆ ಆಡಿಸಿದರೆ ಸಂತೋಷ, ಹಾಗೆ ಆಡಿಸಿದರೆ ಭಯ. ‘ಬಸ್ಸು’ ಎಂದರೆ ಮನೆಗೆ ಹೋಗಬೇಕು ಎಂದರ್ಥ. ಮೊಸರನ್ನ ಅಂಟಿದ ಬೆರಳು ಕೂಡಲೇ ತೊಳೆಯಬೇಕು. ಗುಡುಗು ಬಂದರೆ ಬಲಗೈ ಹಿಡಿದುಕೊಳ್ಳಿ, ಎಡಗೈ ಅಲ್ಲ. ತಾಯಿಯೊಬ್ಬಳು ಮೂವತ್ತು ವರ್ಷ ಎದೆಯಲ್ಲಿ ಹೊತ್ತ ಇಂಥ ತಿಳಿವನ್ನು, ಗುರುತಿಲ್ಲದವರೂ ಓದಿ ಕೈಹಿಡಿಯುವಂತೆ, ಸಂಯೋಜಕಿ ದಿನಕ್ಕೊಂದು ಸಾಲು ಬರೆದುಕೊಳ್ಳುತ್ತಾರೆ. ಅಂಥ ಒಂದು ಫೈಲು ಪ್ರತಿ ಮನೆಯಲ್ಲಿರಬೇಕು. ಅದನ್ನು ಓದುವ ಒಂದು ಕೇಂದ್ರ ಪ್ರತಿ ತಾಲ್ಲೂಕಿನಲ್ಲಿರಬೇಕು.

ಸಂಜೆ ಎಲ್ಲರೂ ಹೋದ ಮೇಲೆ ಕೇಂದ್ರದಲ್ಲಿ ಇನ್ನೊಂದು ಕೆಲಸ ಉಳಿದಿರುತ್ತದೆ. ‘ಮುಗಿಯಿತು’ ಚೀಲಗಳಿಂದ ಕಾರ್ಡುಗಳನ್ನು ಹೊರತೆಗೆದು, ಅವರವರ ಹೆಸರಿನ ಪಟ್ಟಿಯಲ್ಲಿ ನಾಳೆಯ ಸಾಲು ಜೋಡಿಸಬೇಕು. ಅದನ್ನು ಜೋಡಿಸಿಯೇ ಸಂಯೋಜಕಿ ಬಾಗಿಲಿಗೆ ಬೀಗ ಹಾಕುತ್ತಾರೆ.