ಕೆನ್ಯಾ: ಅರ್ಧಕ್ಕಿಂತ ಹೆಚ್ಚು ಮತ ಬಂದರೂ ಸಾಲದು

2007ರ ಡಿಸೆಂಬರ್ 30ರಂದು ಕೆನ್ಯಾದ ಚುನಾವಣಾ ಆಯೋಗವು ಅಧ್ಯಕ್ಷ ಮ್ವಾಯ್ ಕಿಬಾಕಿ ಅವರು ಪುನರಾಯ್ಕೆಯಾಗಿದ್ದಾರೆಂದು ಘೋಷಿಸಿತು. ಅಂದು ಸಂಜೆಯೇ ಪ್ರಮಾಣವಚನವೂ ಮುಗಿಯಿತು. ಎಣಿಕೆಯಲ್ಲಿ ಅಕ್ರಮ ನಡೆದಿದೆಯೆಂದು ಪ್ರತಿಸ್ಪರ್ಧಿ ರೈಲಾ ಒಡಿಂಗಾ ಆರೋಪಿಸಿದರು. ಬೆನ್ನಲ್ಲೇ ಭುಗಿಲೆದ್ದ ಜನಾಂಗೀಯ ಹಿಂಸಾಚಾರದಲ್ಲಿ 1,100ಕ್ಕೂ ಹೆಚ್ಚು ಮಂದಿ ಸತ್ತರು. ಲಕ್ಷಾಂತರ ಜನರು ನಿರಾಶ್ರಿತರಾದರು. ಗೆದ್ದವನಿಗೆ ಎಲ್ಲವೂ, ಸೋತವನಿಗೆ ಏನೂ ಇಲ್ಲ ಎಂಬ ವ್ಯವಸ್ಥೆಯೇ ಈ ದುರಂತದ ಬೇರುಗಳಲ್ಲೊಂದು ಎಂಬುದನ್ನು ಮನಗಂಡ ಆ ದೇಶ, 2010ರಲ್ಲಿ ಜನಮತಗಣನೆಯ ಮೂಲಕ ಹೊಸ ಸಂವಿಧಾನವನ್ನು ಅಂಗೀಕರಿಸಿತು.

ಎರಡು ಷರತ್ತುಗಳು

ಅಧ್ಯಕ್ಷರನ್ನು ಜನರೇ ನೇರವಾಗಿ ಚುನಾಯಿಸುತ್ತಾರೆ. ಅವಧಿ ಐದು ವರ್ಷ. ಎರಡು ಅವಧಿಗಿಂತ ಹೆಚ್ಚು ಅಧಿಕಾರದಲ್ಲಿರುವಂತಿಲ್ಲ. ಗೆಲ್ಲಲು ಚಲಾಯಿತ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಡೆಯಬೇಕು. ಜೊತೆಗೆ, ದೇಶದ 47 ಕೌಂಟಿಗಳ ಪೈಕಿ ಕನಿಷ್ಠ 24ರಲ್ಲಿ ಶೇ. 25ರಷ್ಟಾದರೂ ಮತ ಗಳಿಸಬೇಕು. ಹೀಗಾಗಿ ಒಂದೆರಡು ಪ್ರಬಲ ಸಮುದಾಯಗಳ ಬೆಂಬಲವನ್ನೇ ನೆಚ್ಚಿ ಯಾರೂ ಅಧ್ಯಕ್ಷರಾಗಲಾರರು. ಯಾರಿಗೂ ಈ ಅರ್ಹತೆ ದೊರೆಯದಿದ್ದರೆ ಮೊದಲ ಇಬ್ಬರ ನಡುವೆ ಮತ್ತೊಂದು ಸುತ್ತಿನ ಮತದಾನ ನಡೆಯುತ್ತದೆ. 2013ರಲ್ಲಿ ಉಹುರು ಕೆನ್ಯಾಟಾ ಶೇ. 50.07 ಮತ ಪಡೆದು ಕೂದಲೆಳೆಯ ಅಂತರದಲ್ಲಿ ಎರಡನೇ ಸುತ್ತನ್ನು ತಪ್ಪಿಸಿಕೊಂಡರು.

ಆರು ಮತಪತ್ರಗಳು

ಪ್ರತಿ ಐದನೇ ವರ್ಷದ ಆಗಸ್ಟ್ ತಿಂಗಳ ಎರಡನೇ ಮಂಗಳವಾರ ಮತದಾನ. ಅಧ್ಯಕ್ಷ, ಸಂಸದ, ಕೌಂಟಿಯ ಮಹಿಳಾ ಪ್ರತಿನಿಧಿ, ಸೆನೆಟರ್, ಗವರ್ನರ್ ಹಾಗೂ ಕೌಂಟಿ ಸಭೆಯ ಸದಸ್ಯ ಸ್ಥಾನಗಳಿಗಾಗಿ ಪ್ರತಿ ಮತದಾರನಿಗೂ ಆರು ಮತಪತ್ರಗಳು ದೊರೆಯುತ್ತವೆ. ಸಂಸದರು ಮಂತ್ರಿಗಳಾಗಿರುವಂತಿಲ್ಲ. ರಾಷ್ಟ್ರೀಯ ಆದಾಯದ ಶೇ. 15ಕ್ಕೆ ಕಡಿಮೆಯಿಲ್ಲದ ಪಾಲು ಕೌಂಟಿಗಳಿಗೆ ಸಲ್ಲಬೇಕು. ಇದರಿಂದಾಗಿ ನೈರೋಬಿಯಲ್ಲಿ ಸೋತ ಪಕ್ಷವೂ ತನ್ನ ಪ್ರದೇಶದಲ್ಲಿ ಆಡಳಿತ ನಡೆಸಬಹುದು.

ಮತಗಟ್ಟೆಯ ಹಾಳೆ

ಅಧ್ಯಕ್ಷೀಯ ಮತಗಳ ಎಣಿಕೆ ಆಯಾ ಮತಗಟ್ಟೆಯಲ್ಲೇ ನಡೆಯುತ್ತದೆ. ಫಲಿತಾಂಶವನ್ನು 34ಎ ಎಂಬ ನಮೂನೆಯಲ್ಲಿ ಬರೆದು, ಪಕ್ಷಗಳ ಏಜೆಂಟರ ಸಹಿ ಪಡೆಯಲಾಗುತ್ತದೆ. ಈ ಅಂಕಿಯೇ ಅಂತಿಮ. ಮೇಲಿನ ಹಂತದಲ್ಲಿ ತಿದ್ದುವಂತಿಲ್ಲವೆಂದು 2017ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು.

ಅಧ್ಯಕ್ಷ ಚುನಾವಣೆಯನ್ನು ಪ್ರಶ್ನಿಸುವವರು ಏಳು ದಿನಗಳೊಳಗೆ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಬೇಕು. ಕೋರ್ಟು ಹದಿನಾಲ್ಕು ದಿನಗಳಲ್ಲಿ ತೀರ್ಪು ನೀಡಬೇಕು. 2017ರ ಸೆಪ್ಟೆಂಬರ್ 1ರಂದು ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ ನೇತೃತ್ವದ ಪೀಠವು ಫಲಿತಾಂಶ ರವಾನೆಯಲ್ಲಿನ ಲೋಪಗಳನ್ನು ಎತ್ತಿ ಹಿಡಿದು ಉಹುರು ಅವರ ಆಯ್ಕೆಯನ್ನೇ ರದ್ದುಪಡಿಸಿತು. ಆಫ್ರಿಕಾದಲ್ಲಿ ಅಂಥ ತೀರ್ಪು ಅದೇ ಮೊದಲು. ಆದರೆ ಮರುಚುನಾವಣೆಯನ್ನು ಒಡಿಂಗಾ ಬಹಿಷ್ಕರಿಸಿದರು, ಮತದಾನ ಶೇ. 40ನ್ನೂ ದಾಟಲಿಲ್ಲ.

2022ರಲ್ಲಿ ಆಯೋಗವು ಮತಗಟ್ಟೆಗಳ ನಮೂನೆಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿತು. ಯಾರು ಬೇಕಾದರೂ ಕೂಡಿ ನೋಡಬಹುದಾಗಿತ್ತು. ವಿಲಿಯಂ ರುಟೊ ಸುಮಾರು 2.33 ಲಕ್ಷ ಮತಗಳಿಂದ ಮುಂದಿದ್ದರು. ಏಳು ಮಂದಿ ಆಯುಕ್ತರಲ್ಲಿ ನಾಲ್ವರು ಫಲಿತಾಂಶವನ್ನು ಒಪ್ಪಲು ನಿರಾಕರಿಸಿದರೂ ಸುಪ್ರೀಂ ಕೋರ್ಟು ಅದನ್ನು ಸರ್ವಾನುಮತದಿಂದ ಎತ್ತಿಹಿಡಿಯಿತು. ಹದಿನೈದು ವರ್ಷಗಳ ಹಿಂದೆ ಊರೂರುಗಳನ್ನು ಸುಟ್ಟಿದ್ದ ಅದೇ ಬಗೆಯ ವಿವಾದ, ಈ ಬಾರಿ ನ್ಯಾಯಾಲಯದಲ್ಲಿ ಕಾಗದಗಳ ಮೇಲೆ ಇತ್ಯರ್ಥವಾಯಿತು.