ಬಾಗಿಲ ಸಂದಿನ ಚೀಟಿ ಓದಿ, ಆಮೇಲೆ ಟ್ರಕ್ ಕೊಳ್ಳಿ

ಕೋಲಾರದ ಟೊಮೆಟೊ ಮಾರುಕಟ್ಟೆಗೆ ಕ್ರೇಟು ಹೇರಿಕೊಂಡು ಬರುವ ಬೊಲೆರೊ ಪಿಕಪ್‌ಗಳಲ್ಲಿ 1.7 ಟನ್ ಅನ್ನುವ ಮಾದರಿಯೊಂದಿದೆ. 1,700 ಕಿಲೊ ಹೊರುವುದು ಅದರ ಅಧಿಕೃತ ತಾಕತ್ತು. (ನಮ್ಮವರು ನಿಜಕ್ಕೂ ಎಷ್ಟು ಹೇರುತ್ತಾರೆ ಅನ್ನುವುದು ಬೇರೆ ಮಾತು.) ಅಮೆರಿಕದ ಟೆಕ್ಸಸ್‌ನಲ್ಲಿ ಬೀದಿಗೆ ಹತ್ತರಂತೆ ನಿಂತಿರುವ ಫೋರ್ಡ್ ಎಫ್-150, ಷೆವರ್ಲೆ ಸಿಲ್ವರಾಡೊ 1500, ರಾಮ್ 1500ಗಳ ಪಕ್ಕ ಈ ಬೊಲೆರೊ ತಂದು ನಿಲ್ಲಿಸಿದರೆ ಪಾಪ ಅನ್ನಿಸುತ್ತದೆ. ಅವುಗಳದು ಎರಡು ಮೀಟರ್ ಅಗಲ, ಆರು ಮೀಟರಿಗೆ ಸ್ವಲ್ಪವೇ ಕಡಿಮೆ ಉದ್ದ, ಎದೆಮಟ್ಟದ ಬಾನೆಟ್, ನಾಲ್ಕು ಬಾಗಿಲು ಮತ್ತು ಫೋರ್‌ವೀಲ್ ಡ್ರೈವ್ ಬೇಕೆಂದರೆ 50 ಸಾವಿರ ಡಾಲರ್ ದಾಟುವ ಬೆಲೆ. ಆದರೆ ಹೊರುವ ಮಾತಿಗೆ ಬನ್ನಿ. ಇಂಥ ನಾಲ್ಕು ಬಾಗಿಲಿನ ಟ್ರಕ್‌ಗಳಲ್ಲಿ ಹೆಚ್ಚಿನವು 700ರಿಂದ 900 ಕಿಲೊಗೆ ಕೈಯೆತ್ತುತ್ತವೆ. ಅದೂ ಒಳಗೆ ಕೂತವರ ತೂಕ ಸೇರಿಸಿ.

ಹಾಗಾದರೆ ಇಷ್ಟು ದೊಡ್ಡದು ಯಾಕೆ? ಹೊರುವುದಕ್ಕಿಂತ ಎಳೆಯುವುದು ಈ ಗಾಡಿಗಳ ಕಸುಬು ಅನ್ನುವುದು ಒಂದು ಉತ್ತರ. ಬೋಟು, ಕುದುರೆಯ ಟ್ರೇಲರ್, ಮನೆಯಂಥ ಕ್ಯಾಂಪರ್, ಹುಲ್ಲು ಕತ್ತರಿಸುವ ಯಂತ್ರ ಹೇರಿದ ಚಪ್ಪಟೆ ಗಾಡಿ, ಎಲ್ಲವೂ ಹಿಂದೆ ಕೊಂಡಿ ಹಾಕಿಕೊಂಡು ಬರುತ್ತವೆ. ಇನ್ನೊಂದು ಉತ್ತರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಹುಪಾಲು ಮಾಲೀಕರು ಬಹುಪಾಲು ದಿನ ಏನನ್ನೂ ಎಳೆಯುವುದಿಲ್ಲ, ಏನನ್ನೂ ಹೊರುವುದಿಲ್ಲ. ಆಫೀಸು, ಮಕ್ಕಳ ಶಾಲೆ, ಕಾಸ್ಟ್‌ಕೊ ಅಂಗಡಿ, ಮನೆ.

ಶುರುವಾಗಿದ್ದು ಹೀಗಲ್ಲ. 1925ರಲ್ಲಿ ಫೋರ್ಡ್ ಕಂಪನಿ ಮಾಡೆಲ್ ಟಿ ಕಾರಿನ ಬೆನ್ನಿಗೆ ಕಾರ್ಖಾನೆಯಲ್ಲೇ ಒಂದು ತೆರೆದ ಪೆಟ್ಟಿಗೆ ಕೂರಿಸಿ 281 ಡಾಲರಿಗೆ ಮಾರಿತು. ರೈತರು ಅದಕ್ಕೂ ಮುಂಚೆಯೇ ಕಾರಿನ ಹಿಂಭಾಗ ಕೊಯ್ದು ಹಲಗೆ ಜೋಡಿಸಿಕೊಳ್ಳುತ್ತಿದ್ದರು. ಕಂಪನಿ ಮಾಡಿದ್ದು ಅದನ್ನೇ, ನೀಟಾಗಿ. 1948ರಲ್ಲಿ ಎಫ್ ಸರಣಿ ಬಂತು. 1977ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ ಅದೇ. ಇದರಲ್ಲಿ ಕೋಳಿಯ ಪಾತ್ರವೂ ಇದೆ. ಅರವತ್ತರ ದಶಕದ ಮೊದಲಲ್ಲಿ ಯುರೋಪಿನ ದೇಶಗಳು ಅಮೆರಿಕದ ಅಗ್ಗದ ಕೋಳಿಮಾಂಸಕ್ಕೆ ಸುಂಕ ಹೇರಿದವು. ಸಿಟ್ಟಿಗೆದ್ದ ಅಮೆರಿಕ 1964ರಲ್ಲಿ ಹೊರಗಿನಿಂದ ಬರುವ ಲಘು ಟ್ರಕ್‌ಗಳಿಗೆ ಶೇ 25 ಸುಂಕ ಹಾಕಿತು. ಕೋಳಿ ಜಗಳ ಯಾವತ್ತೋ ಮರೆತುಹೋಯಿತು, ಸುಂಕ ಉಳಿಯಿತು. ಟೊಯೋಟಾ ಕೂಡ ತನ್ನ ಟಂಡ್ರಾ ಪಿಕಪ್ಪನ್ನು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲೇ ಕಟ್ಟುತ್ತದೆ. ಗಾತ್ರದ ಮಾತಿಗೆ ಬಂದರೆ, ಭಾರತದಲ್ಲಿ ಸಿಗುವ ಇಸುಜು ವಿ-ಕ್ರಾಸ್, 2022ರಲ್ಲಿ ಬಂದ ಟೊಯೋಟಾ ಹೈಲಕ್ಸ್ ನಮ್ಮ ಕಣ್ಣಿಗೆ ಭಾರಿ ಗಾಡಿಗಳು. ಅಲ್ಲಿಯ ಲೆಕ್ಕದಲ್ಲಿ ಅವು ಮಧ್ಯಮ ಗಾತ್ರ.

ಕೊಳ್ಳಲು ಹೋದವರ ಮೊದಲ ತಲೆನೋವು ಯಾವ ಕಂಪನಿ ಅನ್ನುವುದಲ್ಲ, ಯಾವ ಅಳತೆ ಅನ್ನುವುದು. ಮುಂದಿನ ಕ್ಯಾಬಿನ್ ಎರಡು ಬಾಗಿಲಿನದೋ ನಾಲ್ಕರದೋ, ಹಿಂದಿನ ಬೆಡ್ ಐದೂವರೆ ಅಡಿಯದೋ ಆರೂವರೆಯದೋ ಎಂಟರದೋ. ಅಲ್ಲಿ ಪ್ಲೈವುಡ್ ಹಾಳೆಯ ಅಳತೆ ನಾಲ್ಕಡಿಗೆ ಎಂಟಡಿ. ಚಕ್ರದ ಎರಡು ಉಬ್ಬುಗಳ ನಡುವೆ ಅದು ಚಪ್ಪಟೆಯಾಗಿ ಮಲಗುವಷ್ಟು ಅಗಲವನ್ನು ಎಲ್ಲ ಕಂಪನಿಗಳೂ ಕೊಡುತ್ತವೆ, ಉದ್ದ ಮಾತ್ರ ನಿಮ್ಮ ಆಯ್ಕೆ. ಟೆಕ್ಸಸ್‌ನ ನಮ್ಮ ಬೀದಿಯಲ್ಲಿ ಏಸಿ ರಿಪೇರಿ ಮಾಡುವ, ಅಲ್ಲೇ ಹುಟ್ಟಿ ಬೆಳೆದವರೊಬ್ಬರಿದ್ದಾರೆ. ಅವರದು ಎರಡೇ ಬಾಗಿಲು, ಎಂಟಡಿ ಬೆಡ್, ರಬ್ಬರ್ ನೆಲಹಾಸು, ಬಿಳಿ ಬಣ್ಣ. ಚರ್ಮದ ಸೀಟಿನ ದುಬಾರಿ ಮಾದರಿ ಕೊಂಡವರನ್ನು ಕಂಡರೆ ಅವರಿಗೆ ನಗು. ದಂಧೆಗೆ ಬಳಸುವ ಇಂಥ ಭಾರದ ಗಾಡಿಗೆ ಅಲ್ಲಿ ತೆರಿಗೆಯಲ್ಲಿ ದೊಡ್ಡ ಕಡಿತವೂ ಸಿಗುತ್ತದೆ, ಹಾಗಾಗಿ ನಗುವಿಗೆ ಕಾರಣ ಎರಡು.

ಸಂಸಾರಸ್ಥರು ಹೆಚ್ಚಾಗಿ ಆರಿಸುವುದು ನಾಲ್ಕು ಬಾಗಿಲು, ಐದೂವರೆ ಅಡಿ ಬೆಡ್. ಹಿಂದಿನ ಸೀಟು ವಿಶಾಲ, ಅತ್ತೆ ಮಾವ ಊರಿಂದ ಬಂದಾಗ ಕಾಲು ಚಾಚಿ ಕೂರಬಹುದು (ಹತ್ತಲು ಮೆಟ್ಟಿಲು ಹಾಕಿಸಬೇಕು, ಅದು ಬೇರೆ ಖರ್ಚು). ಇಷ್ಟಾದರೂ ಗಾಡಿ ಹತ್ತೊಂಬತ್ತು ಅಡಿ ಮೀರುತ್ತದೆ. ಬಡಾವಣೆಯ ಮನೆಗಳ ಗ್ಯಾರೇಜು ಇಪ್ಪತ್ತು ಅಡಿ ಆಳ ಇದ್ದರೆ ಪುಣ್ಯ. ಸಕಲೇಶಪುರದ ಕಡೆಯ ಗೆಳೆಯನೊಬ್ಬ ಡಲ್ಲಾಸ್ ಹೊರವಲಯದಲ್ಲಿ ಟ್ರಕ್ ಕೊಂಡ ವಾರದಲ್ಲೇ ಅವನ ಹೆಂಡತಿ ಹೇಳಿದ್ದು: "ಇವರ ಟ್ರಕ್ ಒಳಗೆ ಹೋಗತ್ತೆ, ಬಾಗಿಲು ಹಾಕೋಕೆ ಆಗಲ್ಲ. ಈಗ ಗ್ಯಾರೇಜಲ್ಲಿ ಸೈಕಲ್ಲು ನಿಲ್ಲಿಸಿದೀವಿ, ಟ್ರಕ್ ಬಿಸಿಲಲ್ಲಿ ಒಣಗ್ತಿದೆ."

ಈಗ ಚೀಟಿಯ ವಿಷಯ. ಡ್ರೈವರ್ ಬಾಗಿಲು ತೆರೆದರೆ ಅದರ ಚೌಕಟ್ಟಿನ ಮೇಲೆ ಹಳದಿ ಪಟ್ಟಿಯ ಒಂದು ಬಿಳಿ ಚೀಟಿ ಅಂಟಿಸಿರುತ್ತಾರೆ. ಜನ ಮತ್ತು ಸರಕಿನ ಒಟ್ಟು ತೂಕ ಇಷ್ಟನ್ನು ಎಂದಿಗೂ ಮೀರಬಾರದು ಎಂದು ಪೌಂಡಿನಲ್ಲೂ ಕಿಲೊದಲ್ಲೂ ಬರೆದಿರುತ್ತದೆ. ಇದು ಆ ಮಾದರಿಯ ಲೆಕ್ಕವಲ್ಲ, ಆ ಒಂದು ಗಾಡಿಯ ಲೆಕ್ಕ. ಪಕ್ಕದಲ್ಲೇ ನಿಂತ ಅದೇ ಹೆಸರಿನ ಟ್ರಕ್ಕಿನ ಚೀಟಿಯಲ್ಲಿ ನೂರು ನೂರೈವತ್ತು ಕಿಲೊ ವ್ಯತ್ಯಾಸ ಇರಬಹುದು. ಜಾಹೀರಾತು ಹೇಳುವುದು ಇದನ್ನಲ್ಲ. ಅದು ಎಳೆಯುವ ತಾಕತ್ತನ್ನು ಹೇಳುತ್ತದೆ: 13 ಸಾವಿರ ಪೌಂಡು, ಅಂದರೆ ಸುಮಾರು 5,900 ಕಿಲೊ! ಸಂಖ್ಯೆ ಸುಳ್ಳಲ್ಲ. ಆದರೆ ಅದಕ್ಕೆ ತಕ್ಕ ಎಂಜಿನ್, ತಕ್ಕ ಗೇರ್ ಅನುಪಾತ, ತಕ್ಕ ಪ್ಯಾಕೇಜ್ ಎಲ್ಲ ಕೂಡಿಬಂದ ಗಾಡಿಗೆ ಮಾತ್ರ ಅದು ಸಲ್ಲುತ್ತದೆ.

ಎತ್ತಿನ ಗಾಡಿ ಹೂಡಿದವರಿಗೆ ಉಳಿದದ್ದು ಬಿಡಿಸಿ ಹೇಳಬೇಕಿಲ್ಲ. ಹೇರು ಹಿಂದಕ್ಕೆ ಜಗ್ಗಿದರೆ ಮೂಕಿ ಮೇಲೇಳುತ್ತದೆ, ಮುಂದಕ್ಕೆ ಬಿದ್ದರೆ ಎತ್ತಿನ ಹೆಗಲು ಹೋಗುತ್ತದೆ. ಟ್ರೇಲರಿಗೂ ಅದೇ. ಅದರ ಒಟ್ಟು ತೂಕದ ಶೇ 10ರಿಂದ 15ರಷ್ಟು ಭಾರ ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ಹೆದ್ದಾರಿಯ ವೇಗದಲ್ಲಿ ಟ್ರೇಲರ್ ಹಾವಿನಂತೆ ಹೊಯ್ದಾಡಲು ಶುರುವಿಡುತ್ತದೆ, ಟ್ರಕ್ಕನ್ನೂ ಮಗುಚಬಲ್ಲದು. ಕೊಂಡಿಯ ಮೇಲೆ ಕೂತ ಆ ಭಾರವನ್ನು ಹೊರುವುದು ಟ್ರಕ್ಕೇ. ಹಾಗಾಗಿ ಅದು ಬಾಗಿಲ ಚೀಟಿಯ ಲೆಕ್ಕಕ್ಕೆ ಸೇರುತ್ತದೆ.

ನನ್ನ ಗೆಳೆಯನ ಗಾಡಿಯ ಚೀಟಿ 725 ಕಿಲೊ ಅನ್ನುತ್ತದೆ. ಐದು ಜನ, ಅವರ ಬಟ್ಟೆಬರೆ, ನೀರು, ಕೂಲರ್ ಸೇರಿ 340 ಕಿಲೊ. ಉಳಿದದ್ದು 385. ಅವನ ಕಣ್ಣಿದ್ದ ಕ್ಯಾಂಪರಿನ ತೂಕ ಸಾಮಾನು ತುಂಬಿದ ಮೇಲೆ 3,000 ಕಿಲೊ. ಅದರ ಶೇ 12 ಅಂದರೆ 360. ಕೊಂಡಿಯ ಕಬ್ಬಿಣಕ್ಕೇ ಇನ್ನು ಇಪ್ಪತ್ತೈದು ಕಿಲೊ ಹಾಕಿ, ಲೆಕ್ಕ ಮುಗಿಯಿತು. ಜಾಹೀರಾತಿನ ಅರ್ಧ ದೂರಕ್ಕೇ ಗಾಡಿ ತುಂಬಿಹೋಯಿತು, ಇನ್ನು ಒಂದು ನಾಯಿ ಹತ್ತಿಸುವಂತಿಲ್ಲ. ಶೋರೂಮಿನಲ್ಲಿ ಈ ಲೆಕ್ಕವನ್ನು ಯಾರೂ ಹಾಕಿ ತೋರಿಸಲಿಲ್ಲ, ಚರ್ಮದ ಸೀಟು ತಂಪು ಗಾಳಿ ಬೀಸುವುದನ್ನು ತೋರಿಸಿದರು. ತಮಾಷೆಯೆಂದರೆ ಆ ತಂಪು ಸೀಟು, ಗಾಜಿನ ಮೇಲ್ಛಾವಣಿ, ತಾನೇ ಇಳಿಯುವ ಮೆಟ್ಟಿಲು, ಇವೆಲ್ಲದರ ತೂಕವೂ ಅದೇ ಚೀಟಿಯಿಂದ ಕಳೆದಿರುತ್ತದೆ. ಹೆಚ್ಚು ದುಡ್ಡು ಕೊಟ್ಟಷ್ಟೂ ಕಡಿಮೆ ಹೊರುವ ಸರಕುಗಾಡಿ ಜಗತ್ತಿನಲ್ಲಿ ಬೇರೆಲ್ಲಿದೆಯೋ ಕಾಣೆ.

ಓಡಿಸುವುದು, ನಿಜ ಹೇಳಬೇಕೆಂದರೆ, ಸುಲಭ. ಹೊಸಬರು ಹೆದರುವಷ್ಟೇನೂ ಇಲ್ಲ. ಎತ್ತರದಿಂದ ರಸ್ತೆ ಕಾಣುತ್ತದೆ, ಹೆದ್ದಾರಿಯಲ್ಲಿ ಐನೂರು ಮೈಲಿ ಹೋದರೂ ಸೊಂಟ ಹಿಡಿಯುವುದಿಲ್ಲ. ಆದರೆ ಖಾಲಿ ಟ್ರಕ್ಕಿನ ಹಿಂಭಾಗ ಹಗುರ. ಅದರ ಕೆಳಗೆ ಲಾರಿಗಿರುವಂಥ ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗು, ಗುಂಡಿ ಸಿಕ್ಕಿದರೆ ಹಿಂದಿನ ಸೀಟಿನವರು ಪುಟಿಯುತ್ತಾರೆ. 2009ರ ಮಾದರಿಯಿಂದ ರಾಮ್ 1500 ಹಿಂದಕ್ಕೂ ಕಾಯಿಲ್ ಸ್ಪ್ರಿಂಗ್ ಕೊಟ್ಟಿದೆ. ಸವಾರಿಯ ಸುಖದಲ್ಲಿ ಅದನ್ನು ಹೊಗಳುವವರು ಹೆಚ್ಚು. ಹಿಮ ಬೀಳುವ ಉತ್ತರದ ರಾಜ್ಯಗಳಲ್ಲಿ ಚಳಿಗಾಲಕ್ಕೆ ಹಿಂದಿನ ಆಕ್ಸಲ್ ಮೇಲೆ ಮರಳಿನ ಚೀಲ ಹಾಕಿಕೊಂಡು ಓಡಾಡುವುದುಂಟು. ಫೋರ್‌ವೀಲ್ ಇದೆಯೆಂದು ಒಣ ಡಾಂಬರಿನ ಮೇಲೂ ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ 4ಎಚ್ ಹಾಕಿ ತಿರುಗಿಸಿದರೆ ಗಾಡಿ ಬಿಗಿಹಿಡಿದು ಕುಪ್ಪಳಿಸುತ್ತದೆ, ಪಾರ್ಟ್ ಟೈಂ ಫೋರ್‌ವೀಲ್ ಇರುವ ಟ್ರಕ್‌ಗಳಲ್ಲಿ ಅದು ಕೆಸರಿಗೂ ಹಿಮಕ್ಕೂ ಇಟ್ಟದ್ದು. ಟ್ರೇಲರ್ ರಿವರ್ಸ್ ತೆಗೆಯುವುದಂತೂ ಸಂಸಾರ ಒಡೆಯುವ ಕೆಲಸ. ಗಂಡ ಸ್ಟಿಯರಿಂಗಿನಲ್ಲಿ, ಹೆಂಡತಿ ಹೊರಗೆ ನಿಂತು ಕೈಬೀಸುತ್ತ, ಸುತ್ತ ನೋಡುವವರು! ಹಳಬರ ಉಪಾಯ ಒಂದಿದೆ. ಸ್ಟಿಯರಿಂಗಿನ ತಳಭಾಗದಲ್ಲಿ ಕೈಯಿಡಿ. ಟ್ರೇಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸಿ. ಅಷ್ಟೇ.

ಮುಂದೆ ಕಾಣದ ಜಾಗದ ಬಗ್ಗೆ ಮಾಲೀಕರು ಕಡಿಮೆ ಮಾತಾಡುತ್ತಾರೆ. ಬಾನೆಟ್ಟಿನ ಕೆಳಗೆ ನಿಂತ ಪುಟ್ಟ ಮಗು ಡ್ರೈವರಿಗೆ ಕಾಣುವುದಿಲ್ಲ. ಹೆದ್ದಾರಿ ಸುರಕ್ಷತೆಗಾಗಿ ವಿಮಾ ಕಂಪನಿಗಳು ನಡೆಸುವ ಐಐಎಚ್‌ಎಸ್ ಸಂಸ್ಥೆ 2023ರಲ್ಲಿ ಹೇಳಿದ ಪ್ರಕಾರ, 40 ಇಂಚಿಗಿಂತ ಎತ್ತರದ ಬಾನೆಟ್ ಇರುವ ಗಾಡಿ ಪಾದಚಾರಿಗೆ ಗುದ್ದಿದರೆ ಸಾವಾಗುವ ಸಂಭವ, 30 ಇಂಚಿನೊಳಗಿನ ಇಳಿಜಾರು ಬಾನೆಟ್ಟಿಗಿಂತ ಶೇ 45ರಷ್ಟು ಹೆಚ್ಚು. ಮುಂಬದಿ ಕ್ಯಾಮೆರಾ ಇಲ್ಲದ ಟ್ರಕ್ಕನ್ನು ಮಕ್ಕಳಿರುವ ಬೀದಿಗೆ ತರಬಾರದು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

ಎಂಜಿನ್ ವಿಚಾರದಲ್ಲಿ ಜಗಳ ಮುಗಿಯುವುದಿಲ್ಲ. ಹಳಬರಿಗೆ ವಿ8 ಸದ್ದು ಬೇಕು, ಹೊಸಬರು ಟರ್ಬೊ ವಿ6 ಎಳೆತವನ್ನು ಮೆಚ್ಚುತ್ತಾರೆ. ಹೆಸರು ನೋಡಿ ನಂಬುವ ಕಾಲವಂತೂ ಹೋಯಿತು. 2024ರಲ್ಲಿ ಟೊಯೋಟಾ, ಎಂಜಿನ್ ಒಳಗೆ ಲೋಹದ ಚೂರು ಉಳಿದಿರಬಹುದೆಂದು ಸುಮಾರು ಒಂದು ಲಕ್ಷ ವಾಹನಗಳನ್ನು ವಾಪಸ್ ಕರೆಯಿತು, ಅವುಗಳಲ್ಲಿ ಟಂಡ್ರಾಗಳೇ ಹೆಚ್ಚು. ಮರುವರ್ಷ ಜನರಲ್ ಮೋಟಾರ್ಸ್ ತನ್ನ 6.2 ಲೀಟರ್ ವಿ8 ಇರುವ ಸುಮಾರು ಆರು ಲಕ್ಷ ಟ್ರಕ್ ಮತ್ತು ಎಸ್‌ಯುವಿಗಳನ್ನು ಕರೆಯಿತು. ಪೆಟ್ರೋಲಿಗೆ ಲೀಟರಿಗೆ ಎಂಟು ಎಂಟೂವರೆ ಕಿ.ಮೀ. ಬಂದರೆ ಖುಷಿ, ದೊಡ್ಡ ಟ್ರೇಲರ್ ಕಟ್ಟಿದರೆ ಅದರ ಅರ್ಧ.

ಇಷ್ಟೆಲ್ಲ ದೂರಿದ ಮೇಲೂ ಮಾಲೀಕರು ಮಾರುವುದಿಲ್ಲ ಯಾಕೆ ಅಂದರೆ, 2021ರ ಫೆಬ್ರುವರಿಯಂಥ ದಿನಗಳು ಬರುತ್ತವೆ. ಟೆಕ್ಸಸ್‌ಗೆ ಹಿಮಗಾಳಿ ಬಡಿದು, ವಿದ್ಯುತ್ ಜಾಲ ಕುಸಿದು, ಲಕ್ಷಾಂತರ ಮನೆಗಳು ಕತ್ತಲಲ್ಲಿ ನಡುಗಿದವು. ಹೊಸದಾಗಿ ಬಂದಿದ್ದ ಹೈಬ್ರಿಡ್ ಎಫ್-150ಯ ಬೆಡ್ಡಿನಲ್ಲಿ 7.2 ಕಿಲೋವಾಟ್‌ವರೆಗೆ ಕೊಡುವ ಪ್ಲಗ್ಗುಗಳಿದ್ದವು. ಇದ್ದವರು ಟ್ರಕ್ಕನ್ನು ಅಂಗಳದಲ್ಲಿ ನಿಲ್ಲಿಸಿ ಅದರಿಂದ ಹೀಟರ್, ಫ್ರಿಜ್ ನಡೆಸಿದರು. ಗ್ಯಾರೇಜಿನೊಳಗೆ ಬಾಗಿಲು ಹಾಕಿ ಕಾರಿನ ಎಂಜಿನ್ ಓಡಿಸಿದವರು ಕಾರ್ಬನ್ ಮೊನಾಕ್ಸೈಡಿಗೆ ಜೀವ ತೆತ್ತದ್ದೂ ಅದೇ ವಾರ. ಇನ್ನು ಕನ್ನಡ ಕೂಟದ ಗಣೇಶನ ಹಬ್ಬಕ್ಕೆ ಮಂಟಪ ಸಾಗಿಸಲು, ಯಾರದೋ ಮನೆ ಬದಲಾವಣೆಗೆ ಸೋಫಾ ಹೊರಲು ಎಲ್ಲರಿಗೂ ನೆನಪಾಗುವುದು ಪಿಕಪ್ ಇರುವವನೇ. ಅವನು ಗೊಣಗುತ್ತಾನೆ, ಆದರೆ ಬಾರದೆ ಇರುವುದಿಲ್ಲ.

ನನ್ನ ತೀರ್ಪು ಕೇಳುವುದಾದರೆ: ವರ್ಷಕ್ಕೆ ನಾಲ್ಕಾರು ಸಲ ಸೋಫಾ, ಮಣ್ಣು, ಪ್ಲೈವುಡ್ ತರುವವರು ಟ್ರಕ್ ಕೊಳ್ಳಬೇಕಿಲ್ಲ, ಹೋಮ್ ಡಿಪೊದಂಥ ಅಂಗಡಿಗಳಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಟ್ರೇಲರ್ ಕೊಳ್ಳುವ ಯೋಚನೆ ಇರುವವರು ಮೊದಲು ಟ್ರೇಲರ್ ನಿರ್ಧರಿಸಿ, ಅದರ ತುಂಬಿದ ತೂಕದ ಶೇ 15ಕ್ಕೆ ಮನೆಮಂದಿಯ ತೂಕ ಕೂಡಿಸಿ, ಅದಕ್ಕಿಂತ ದೊಡ್ಡ ಸಂಖ್ಯೆ ಚೀಟಿಯಲ್ಲಿರುವ ಗಾಡಿಯನ್ನೇ ಹುಡುಕಿ. ಸಿಗದಿದ್ದರೆ ಒಂದು ಮೆಟ್ಟಿಲು ಮೇಲಿನ ಎಫ್-250, 2500ರ ಗಾತ್ರಕ್ಕೆ ಹೋಗಿ. ಟೆಸ್ಟ್ ಡ್ರೈವಿಗೆ ಕೊಟ್ಟಾಗ ಹೆದ್ದಾರಿಗೆ ಹೋಗಬೇಡಿ; ನೇರ ಮನೆಗೆ ಬಂದು ಗ್ಯಾರೇಜಿನೊಳಗೆ ಬಿಟ್ಟು ಬಾಗಿಲು ಮುಚ್ಚುತ್ತದೆಯೇ ನೋಡಿ.