ಕಣ್ಣಿನಲ್ಲಿ ನಿಲ್ಲದ ಹನಿ, ಅಂಟಿ ನಿಲ್ಲುವ ಲೈಪೋಸೋಮ್

ಕಣ್ಣಿಗೆ ಔಷಧಿ ಹಾಕಿಕೊಂಡ ಸ್ವಲ್ಪ ಹೊತ್ತಿಗೆ ಗಂಟಲು ಕಹಿಯಾದದ್ದನ್ನು ನೀವು ಗಮನಿಸಿರಬಹುದು. ಕಣ್ಣಿನ ಒಳಮೂಲೆಯಿಂದ ಹೊರಡುವ ಕಣ್ಣೀರಿನ ನಾಳ ಮೂಗಿಗೆ ತೆರೆದುಕೊಳ್ಳುವುದೇ ಇದಕ್ಕೆ ಕಾರಣ. ಹಾಕಿದ ಹನಿಯ ಬಹುಪಾಲು ಕೆನ್ನೆಗೆ ಹರಿಯುತ್ತದೆ, ಇಲ್ಲವೇ ಈ ನಾಳದಲ್ಲಿ ಇಳಿದುಹೋಗುತ್ತದೆ. ಕಣ್ಣಿನೊಳಗೆ ಸೇರುವುದು ಸಾಮಾನ್ಯವಾಗಿ ಶೇ. 5ಕ್ಕಿಂತ ಕಡಿಮೆ.

ಗ್ಲಾಕೋಮಾ ರೋಗಿಗಳಿಗೆ ಇದು ಸಣ್ಣ ವಿಷಯವಲ್ಲ. ಕಣ್ಣಿನ ಒತ್ತಡ ಇಳಿಸಲು ಅವರು ವರ್ಷಗಟ್ಟಲೆ, ಪ್ರತಿದಿನ ಹನಿ ಹಾಕಿಕೊಳ್ಳಬೇಕು. ಈ ರೋಗದಿಂದ ಒಮ್ಮೆ ಹೋದ ದೃಷ್ಟಿ ಮರಳಿ ಬಾರದು. ಮೂಗಿಗೆ ಇಳಿದ ಔಷಧಿ ರಕ್ತವನ್ನೂ ಸೇರುತ್ತದೆ. ಟಿಮೋಲಾಲ್ ಹನಿ ಹೀಗೆ ಆಸ್ತಮಾ ಇರುವವರ ಉಸಿರಾಟಕ್ಕೆ ತೊಂದರೆ ಕೊಡಬಲ್ಲದು.

ಔಷಧಿಯನ್ನು ಕಣ್ಣಿನಲ್ಲೇ ನಿಲ್ಲಿಸಲು ವಿಜ್ಞಾನಿಗಳು ಲೈಪೋಸೋಮ್‌ಗಳತ್ತ ನೋಡುತ್ತಿದ್ದಾರೆ. ಇವು ಕೊಬ್ಬಿನ ಪದರದಿಂದಾದ ಅತಿ ಸೂಕ್ಷ್ಮ ಗುಳ್ಳೆಗಳು. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಮತ್ತು ಸಂಗಡಿಗರು ಇವನ್ನು ವಿವರಿಸಿದರು. ಮೊಟ್ಟೆಯ ಹಳದಿ, ಸೋಯಾಗಳಲ್ಲಿರುವ ಲೆಸಿಥಿನ್‌ನಿಂದ ಇವನ್ನು ತಯಾರಿಸಬಹುದು. ನೀರಿನಲ್ಲಿ ಕರಗುವ ಔಷಧಿ ಗುಳ್ಳೆಯೊಳಗೆ, ಕೊಬ್ಬಿನಲ್ಲಿ ಕರಗುವ ಔಷಧಿ ಅದರ ಗೋಡೆಯಲ್ಲಿ ಕೂರುತ್ತದೆ.

ಆದರೆ ಬರಿಯ ಗುಳ್ಳೆಯನ್ನೂ ಕಣ್ಣೀರು ತೊಳೆದುಬಿಡುತ್ತದೆ. ಮೂಗು, ಕರುಳುಗಳಂತೆ ಕಣ್ಣಿನ ಮೇಲ್ಮೈಗೂ ಲೋಳೆಯ ತೆಳು ಲೇಪವಿದೆ. ಈ ಲೋಳೆಗೆ ಋಣ ವಿದ್ಯುದಂಶವಿದೆ. ಸೀಗಡಿ, ಏಡಿಗಳ ಚಿಪ್ಪಿನಿಂದ ತಯಾರಿಸುವ ಕೈಟೋಸಾನ್‌ಗೆ ಧನ ವಿದ್ಯುದಂಶ. ಗುಳ್ಳೆಗೆ ಕೈಟೋಸಾನ್ ಲೇಪಿಸಿದರೆ ಅದು ಲೋಳೆಗೆ ಅಂಟಿಕೊಂಡು ಔಷಧಿಯನ್ನು ನಿಧಾನವಾಗಿ ಬಿಡುತ್ತದೆ.

ಇಲ್ಲಿಯೂ ಹದ ಬೇಕು. ಲೇಪ ಕಡಿಮೆಯಾದರೆ ಅಂಟು ಸಾಲದು. ಗುಳ್ಳೆಗಳು ಒಂದಕ್ಕೊಂದು ಅಂಟಿ ಗಂಟುಕಟ್ಟಿದರೆ ಕಣ್ಣು ಚುಚ್ಚುತ್ತದೆ. ಲೋಳೆಯೇ ಆಗಾಗ ಹೊಸದಾಗುವುದರಿಂದ ಅಂಟಿದ್ದು ಬಹಳ ಕಾಲ ಉಳಿಯುವುದೂ ಇಲ್ಲ. ಕಾಲಾ ಆಜಾರ್ ರೋಗಕ್ಕೆ ಲೈಪೋಸೋಮ್ ಚುಚ್ಚುಮದ್ದು ನಮ್ಮ ದೇಶದಲ್ಲಿ ಬಳಕೆಯಲ್ಲಿದೆ. ಆದರೆ ಕಣ್ಣಿಗೆ ಅಂಟುವ ಈ ಬಗೆ ಬಹುಮಟ್ಟಿಗೆ ಪ್ರಯೋಗಾಲಯದಲ್ಲೇ ಇದೆ.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು ಇಷ್ಟು:

* ಕೈ ತೊಳೆದು, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಂದೇ ಹನಿ ಹಾಕಿ. ಎರಡನೆಯದು ಹೊರಗೆ ಹರಿದು ವ್ಯರ್ಥವಾಗುತ್ತದೆ.
* ಕಣ್ಣು ಮುಚ್ಚಿ, ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳಿನಿಂದ 2 ನಿಮಿಷ ಹಗುರವಾಗಿ ಒತ್ತಿಕೊಳ್ಳಿ. ನಾಳ ಮುಚ್ಚಿ ಔಷಧಿ ಕಣ್ಣಿನಲ್ಲಿ ಉಳಿಯುತ್ತದೆ.
* ಎರಡು ಬಗೆಯ ಹನಿಗಳಿದ್ದರೆ ನಡುವೆ ಕನಿಷ್ಠ 5 ನಿಮಿಷ ಬಿಡಿ.
* ಆಸ್ತಮಾ ಅಥವಾ ಹೃದ್ರೋಗವಿದ್ದರೆ ನೇತ್ರವೈದ್ಯರಿಗೆ ಮೊದಲೇ ತಿಳಿಸಿ.

ಕಣ್ಣು ಚೆನ್ನಾಗಿಯೇ ಕಾಣುತ್ತಿದೆ ಎಂದು ವೈದ್ಯರನ್ನು ಕೇಳದೆ ಗ್ಲಾಕೋಮಾ ಹನಿಯನ್ನು ಎಂದೂ ನಿಲ್ಲಿಸಬೇಡಿ.